ಮುತ್ತಲದ ಎಲೆ, ಹಚ್ಚುವ ಕೈ

ಜೋಯಿಡಾದ ದಟ್ಟ ಹಸಿರು ಕಾಡಿನಂತಲ್ಲ ಮುಂಡಗೋಡ ತಾಲೂಕಿನ ಪಾಳಾ ಸೀಮೆ. ಹಳಿಯಾಳದ ಮೂಡಣ ಅಂಚಿನಂತೆ ಇದೂ ಬೇಸಿಗೆಗೆ ಎಲೆ ಉದುರಿಸುವ ಅರೆಮಲೆನಾಡು. ಮುತ್ತಲಕ್ಕೆ, ಅಂದರೆ ಮುತ್ತುಗಕ್ಕೆ, ಇಂಥ ನೆಲ ಚೆನ್ನಾಗಿ ಒಗ್ಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೋಳಾದ ಕೊಂಬೆಗಳ ತುಂಬ ಕೇಸರಿ ಹೂ. ಗಿಳಿಯ ಕೊಕ್ಕಿನಂತೆ ಬಾಗಿದ ಎಸಳಿನ ಬುಡದಲ್ಲಿ ಕಪ್ಪುಗಂದು ಬಟ್ಟಲು. ಅದರೊಳಗಿನ ಮಕರಂದಕ್ಕೆ ಸೂರಕ್ಕಿ, ಮೈನಾಗಳು ಮುಗಿಬೀಳುತ್ತವೆ. ಪರಾಗವೂ ಅವುಗಳ ಮೈಗಂಟಿ ಮರದಿಂದ ಮರಕ್ಕೆ ಸಾಗುತ್ತದೆ.

ಸಸ್ಯಶಾಸ್ತ್ರ ಇದನ್ನು ಬ್ಯೂಟಿಯಾ ಮೊನೊಸ್ಪರ್ಮಾ ಎನ್ನುತ್ತದೆ. ಅವರೆ, ತೊಗರಿಗಳ ಕುಟುಂಬದ್ದೇ ಆದರೂ ಇದರ ಚಪ್ಪಟೆ ಕಾಯಿಯ ತುದಿಯಲ್ಲಿ ಇರುವುದು ಒಂದೇ ಬೀಜ. ಉಳಿದ ಭಾಗ ಹಗುರ, ಗಾಳಿಗೆ ಹಾರಲು ಅನುಕೂಲ.

ಹೂವಿಗೆ ಬೆರಗಾಗುವವರು ಬಹಳ. ಆದರೆ ಈ ಮರದ ಜೊತೆ ಬಾಳಿದವರ ಕಣ್ಣು ಎಲೆಯ ಮೇಲೆ. ಒಂದೊಂದು ತೊಟ್ಟಿಗೆ ಮೂರು ಎಲೆ. ನಡುವಿನದು ದೊಡ್ಡದು, ಎಡಬಲ ಸಮ. ಪಕ್ಕದವೆರಡು ಬುಡದಲ್ಲಿ ಓರೆ. ಮೇಲ್ಮೈ ನುಣುಪು, ಅಡಿಯಲ್ಲಿ ಸಣ್ಣ ರೋಮ, ಉಬ್ಬಿದ ನರ. ಚರ್ಮದ ಹಾಗೆ ಗಟ್ಟಿ. ಊಟದ ಪತ್ರಾವಳಿ ಹಚ್ಚುವ ಕೆಲಸ ನಿಂತಿರುವುದು ಈ ಗುಣಗಳ ಮೇಲೆಯೇ.

ಎಳೆಯ ಎಲೆ ಮುದುಡುತ್ತದೆ, ಮುದಿ ಎಲೆ ಸೀಳುತ್ತದೆ. ಬಲಿತು ಇನ್ನೂ ಹಸಿರಾಗಿರುವುದನ್ನೇ ಕೊಯ್ಯಬೇಕು. ದಾರಕ್ಕೆ ಪೋಣಿಸಿ ನೆರಳಲ್ಲಿ ಒಣಗಿಸಿ, ಭಾರ ಹೇರಿ ಚಪ್ಪಟೆ ಮಾಡಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಚ್ಚುವ ಮೊದಲು ನೀರು ಚಿಮುಕಿಸಿದರೆ ಮತ್ತೆ ಬಾಗುವ ಗುಣ ಬರುತ್ತದೆ.

ನುಣುಪು ಮೈ ಮೇಲಾಗಿ ನಡುವಿಗೊಂದು ದೊಡ್ಡ ಎಲೆ. ಅದರ ಸುತ್ತ ಉಳಿದವನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುತ್ತ, ಸಣ್ಣಗೆ ಸೀಳಿದ ಬಿದಿರುಕಡ್ಡಿಯಿಂದ ಹಚ್ಚುತ್ತಾರೆ. ಕಡ್ಡಿಯನ್ನು ಚುಚ್ಚಿ, ಅಡಿಯಿಂದ ಮೇಲೆತ್ತಿ, ಪಟ್ಟನೆ ಮುರಿಯುವುದು ಕ್ಷಣದ ಕೆಲಸ. ದಪ್ಪ ನರಕ್ಕೆ ಚುಚ್ಚಿದರೆ ಎಲೆ ಹರಿಯುತ್ತದೆ. ಅಂಚಿಗೆ ತೀರಾ ಹತ್ತಿರವಾದರೆ ಹಿಡಿತವಿಲ್ಲ. ಪಳಗಿದ ಬೆರಳಿಗೆ ಎಲ್ಲಿ ಚುಚ್ಚಬೇಕೆಂದು ನೋಡದೆಯೇ ತಿಳಿಯುತ್ತದೆ. ಓರೆ ಎಲೆಗಳನ್ನು ತಿರುಗಿಸಿಟ್ಟು ಸುತ್ತನ್ನು ದುಂಡಗೆ ತರುವುದರಲ್ಲಿ ಜಾಣ್ಮೆ ಇದೆ.

ಮರದ ಉಳಿದ ಉಪಯೋಗಗಳೂ ಕಡಿಮೆಯೇನಲ್ಲ. ಹೂವನ್ನು ಕುದಿಸಿದರೆ ಹಳದಿ ಬಣ್ಣ, ಹೋಳಿಯ ಓಕುಳಿಗೂ ಬಟ್ಟೆಗೂ. ತೊಗಟೆಯಿಂದ ಒಸರುವ ಕೆಂಪು ಅಂಟು, ಕೊಂಬೆಯಲ್ಲಿ ಸಾಕುವ ಅರಗಿನ ಹುಳು, ಹೋಮಕ್ಕೆ ಸಮಿತ್ತು, ವಟುವಿನ ಕೈಗೆ ದಂಡ. ಆಯುರ್ವೇದದಲ್ಲಿ ಇದರ ಬೀಜ ಹೊಟ್ಟೆಹುಳಕ್ಕೆ ಮದ್ದು.

ಈಗ ಪೇಟೆಯಲ್ಲಿ ಯಂತ್ರ ಒತ್ತಿದ, ಅಡಿಗೆ ಪ್ಲಾಸ್ಟಿಕ್ ಅಂಟಿಸಿದ ಪತ್ರಾವಳಿಯೂ ಸಿಗುತ್ತದೆ. ಉಂಡ ಮೇಲೆ ಅದು ಮಣ್ಣಿಗೂ ಸೇರದು. ಕಡ್ಡಿಯಲ್ಲಿ ಹಚ್ಚಿದ್ದು ನೇರ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ. ಕೊಳ್ಳುವಾಗ ಒಂದನ್ನು ಬೆಳಕಿಗೆ ಹಿಡಿಯಿರಿ: ಜೋಡಣೆಯ ಸಂದಿನಲ್ಲಿ ಬೆಳಕು ತೂರದಿದ್ದರೆ ಸಾರೂ ಸೋರದು.