ಕೊಪ್ಪಲಿನ ಬಯಲು ಯಾರದು?

ಕೊಪ್ಪಲು ಎಂದರೆ ಸಣ್ಣ ಹಳ್ಳಿ. ಇಂದು ಮೈಸೂರು ನಗರದೊಳಗೇ ಇರುವ ನಮ್ಮ ಒಂಟಿಕೊಪ್ಪಲು ಆ ಗುರುತನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ನಗರವು ಹಳ್ಳಿಯತ್ತ ಬೆಳೆದಾಗ ಮನೆಗಳು ತಾವಾಗಿ ಏಳುತ್ತವೆ. ಶಾಲೆ, ಆಸ್ಪತ್ರೆ, ಆಟದ ಬಯಲುಗಳಿಗಾದರೋ ನೆಲವನ್ನು ಮೊದಲೇ ಕಾದಿರಿಸಬೇಕು.

ಈ ಪಾಠವನ್ನು ಮೈಸೂರು ಬೇಗನೆ ಕಲಿತಿತು. ಪ್ಲೇಗಿನ ಹಾವಳಿಯ ತರುವಾಯ, 1903ರಲ್ಲಿಯೇ, ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಇಂದು ಯೋಜನಾ ಪ್ರದೇಶಕ್ಕೆ ಸೇರಿದ ಹಳ್ಳಿಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಆಶ್ರಯವಿದೆ. ಆದರೆ ನಕ್ಷೆಗೆ ಬಣ್ಣ ಬಳಿದ ಮಾತ್ರಕ್ಕೆ ನೆಲವು ಊರಿನದಾಗದು. ಐದು ವರ್ಷಗಳೊಳಗೆ ಒಪ್ಪಂದದಿಂದ ಕೊಳ್ಳದೆ, ಭೂಸ್ವಾಧೀನಕ್ಕೂ ತೊಡಗದೆ ಹೋದರೆ ಆ ಮೀಸಲು ಬಿದ್ದುಹೋಗುತ್ತದೆ.

ವಾಚಕರೇ, ಕರಡು ನಕ್ಷೆ ಪ್ರಕಟವಾದಾಗ ಹೋಗಿ ನೋಡಿರಿ. ಆಕ್ಷೇಪಣೆಯಿದ್ದರೆ ಬರೆದು ಕೊಡಿರಿ. ಬಳಿಕ ವರ್ಷಗಳನ್ನು ಎಣಿಸುತ್ತಿರಿ. ಎಣಿಸುವವರಿಲ್ಲದ ಊರಿನಲ್ಲಿ ಮಕ್ಕಳ ಬಯಲು ನಕ್ಷೆಯಲ್ಲಿಯೂ ಉಳಿಯದು.