ನೊಂದವರು ಬರೀ ಸಾಕ್ಷಿಗಳಲ್ಲ

ಕ್ರಿಮಿನಲ್ ಮೊಕದ್ದಮೆಯೆಂದರೆ ಸರ್ಕಾರ ಮತ್ತು ಆರೋಪಿಯ ನಡುವಣ ವ್ಯಾಜ್ಯ ಎಂಬುದು ಬ್ರಿಟಿಷರ ಕಾಲದಿಂದ ನಾವು ಒಪ್ಪಿಕೊಂಡು ಬಂದಿರುವ ವ್ಯವಸ್ಥೆ. ಪೆಟ್ಟು ತಿಂದವರು, ಮಾನ ಕಳೆದುಕೊಂಡವರು, ದುಡಿಯುವ ಮಗನನ್ನು ಕಳೆದುಕೊಂಡ ತಾಯಿ, ಇವರೆಲ್ಲರೂ ಅಲ್ಲಿ ಬರೀ ಸಾಕ್ಷಿಗಳು. ಸಮನ್ಸ್ ಬಂದ ದಿನ ಕೂಲಿ ಬಿಟ್ಟು ಕೋರ್ಟಿಗೆ ಹೋಗಬೇಕು. ವಿಚಾರಣೆ ಮುಂದಕ್ಕೆ ಹೋದರೆ ಇನ್ನೊಂದು ದಿನದ ಕೂಲಿಗೂ ಎರವಾಗಬೇಕು.

ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಇದು ವೆಚ್ಚದ ಹಂಚಿಕೆಯ ಪ್ರಶ್ನೆಯಾಗಿಯೂ ಕಾಣುತ್ತದೆ. ಬಂಧಿತನ ಊಟ, ಕಾವಲು, ಚಿಕಿತ್ಸೆ, ಬಡವನಾದರೆ ವಕೀಲರ ಶುಲ್ಕ, ಇವನ್ನು ಬೊಕ್ಕಸ ಭರಿಸುತ್ತದೆ. ಅದು ನ್ಯಾಯವೇ, ಆರೋಪಿಯ ಹಕ್ಕು ಸಂವಿಧಾನದತ್ತವಾದುದು. ಆದರೆ ಗಾಯಾಳುವಿನ ಔಷಧದ ಬಿಲ್ಲು, ನಿಂತುಹೋದ ದುಡಿಮೆ, ಶಾಲೆ ಬಿಟ್ಟ ಮಗು ಯಾವ ಲೆಕ್ಕಶೀರ್ಷಿಕೆಯಡಿ ಬರುತ್ತವೆ? ಪ್ರಜೆಯ ರಕ್ಷಣೆಯ ಹೊಣೆ ಹೊತ್ತ ಪ್ರಭುತ್ವ ಅದರಲ್ಲಿ ಸೋತಾಗ, ಸೋಲಿನ ವೆಚ್ಚವನ್ನು ಆ ಪ್ರಜೆಯ ಮೇಲೆಯೇ ಹೊರಿಸುವುದು ಸಲ್ಲದು.

ಕಾನೂನು ಈ ಸತ್ಯವನ್ನು ನಿಧಾನವಾಗಿಯಾದರೂ ಗುರುತಿಸಿದೆ. ಸಂತ್ರಸ್ತರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಘೋಷಣೆ ಹೊರಬಿದ್ದದ್ದು 1985ರಲ್ಲಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಅವರಿಗೆ ವಿಚಾರಣೆಯಲ್ಲಿ ಸ್ಥಾನ, ಪರಿಹಾರ ಎರಡನ್ನೂ ಶಿಫಾರಸು ಮಾಡಿತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ಸಂತ್ರಸ್ತರಿಗೆ ಕಾನೂನಿನಲ್ಲಿ ವ್ಯಾಖ್ಯೆಯನ್ನೂ ಮೇಲ್ಮನವಿಯ ಹಕ್ಕನ್ನೂ ನೀಡಿತು. ಪ್ರತಿ ರಾಜ್ಯವೂ ಪರಿಹಾರ ಯೋಜನೆ ರೂಪಿಸಬೇಕೆಂದಿತು. ನಮ್ಮ ರಾಜ್ಯದ ಯೋಜನೆಯೂ ಬಂತು. ಆರೋಪಿಯ ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ಸಂತ್ರಸ್ತರು ಹೈಕೋರ್ಟಿನ ಪೂರ್ವಾನುಮತಿ ಪಡೆಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಮುಂದೆ ಹೋಗಿದೆ. ತನಿಖೆಯ ಪ್ರಗತಿಯನ್ನು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು. ಸರ್ಕಾರ ಮೊಕದ್ದಮೆ ಹಿಂಪಡೆಯುವ ಮುನ್ನ ನ್ಯಾಯಾಲಯ ಸಂತ್ರಸ್ತರ ಮಾತು ಕೇಳಬೇಕು. ಅಪರಾಧಿ ಪತ್ತೆಯಾಗದಿದ್ದರೂ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಅತ್ಯಾಚಾರ, ಆಮ್ಲ ದಾಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕು.

ಆದರೆ ಸುತ್ತೋಲೆ ಹೊರಟ ಮಾತ್ರಕ್ಕೆ ಸೌಲಭ್ಯ ತಲುಪಿತೆಂದು ಆಡಳಿತ ಬಲ್ಲ ಯಾರೂ ನಂಬರು. ಅರ್ಜಿ ಹಾಕಿದವರಿಗಷ್ಟೇ ಸಿಗುವ ಹಕ್ಕು, ಅರ್ಜಿಯ ವಿಷಯವೇ ತಿಳಿಯದವರಿಗೆ ಇಲ್ಲದ ಹಕ್ಕು. ಆದ್ದರಿಂದ ಎಫ್‌ಐಆರ್ ಪ್ರತಿಯೊಡನೆ, ಎಲ್ಲಿ, ಹೇಗೆ ಅರ್ಜಿ ಸಲ್ಲಿಸಬೇಕೆಂಬ ಒಂದು ಪುಟದ ಕನ್ನಡ ಮಾಹಿತಿಯನ್ನು ಠಾಣೆಯಲ್ಲೇ ಕೊಡಲಿ. ಸಾಕ್ಷಿಯ ಪ್ರಯಾಣದ ಖರ್ಚನ್ನು ಅದೇ ದಿನ ಕೈಗಿಡಲಿ. ಎರಡು ತಿಂಗಳು ಮೀರಿದ ಅರ್ಜಿಗಳ ಸಂಖ್ಯೆಯನ್ನು ಪ್ರತಿ ಜಿಲ್ಲೆಯೂ ಪ್ರಕಟಿಸಲಿ.

ಸಂತ್ರಸ್ತರಿಗೆ ಹಕ್ಕು ಕೊಟ್ಟರೆ ಆರೋಪಿಯ ಹಕ್ಕು ಕುಗ್ಗುತ್ತದೆಂಬ ಆತಂಕ ಕೆಲವರಲ್ಲಿದೆ. ಗಾಯಕ್ಕೆ ಮದ್ದು, ಮನೆಗೆ ಆಸರೆ, ತನಿಖೆಯ ಮಾಹಿತಿ, ಇವುಗಳಲ್ಲಿ ಯಾವುದೂ ಆರೋಪಿಯಿಂದ ಕಿತ್ತುಕೊಂಡದ್ದಲ್ಲ. ತೀರ್ಪು ಯಾರ ಪರ ಬಂದರೂ ನೊಂದ ಮನೆಯಲ್ಲಿ ಮರುದಿನ ಒಲೆ ಉರಿಯಲೇಬೇಕು. ಅದಕ್ಕೆ ನೀಡುವ ನೆರವನ್ನು ಸರ್ಕಾರ ಔದಾರ್ಯವೆಂದಲ್ಲ, ತೀರಿಸಬೇಕಾದ ಬಾಕಿಯೆಂದು ಬರೆದುಕೊಳ್ಳಲಿ.