ಕೊಂಡ ನೀರನ್ನೂ ವಾಪಸು ಕೊಡಬೇಕು!

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವಾಕೆಶಾ ಅಂತ ಒಂದು ಊರು. 1892ರ ಮೇ ತಿಂಗಳ ಒಂದು ರಾತ್ರಿ ಅಲ್ಲಿಗೆ ರೈಲು ತುಂಬಾ ಕೂಲಿಯಾಳುಗಳು ಬಂದರು, ಪೈಪು ಹೂಳುವುದಕ್ಕೆ. ಮರುವರ್ಷ ಚಿಕಾಗೋದಲ್ಲಿ ವಿಶ್ವಮೇಳ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಅಂಗವಾಗಿ. ಮೇಳಕ್ಕೆ ಬಂದವರಿಗೆ ವಾಕೆಶಾದ ಒರತೆ ನೀರನ್ನು ಪೈಪಿನಲ್ಲಿ ಒಯ್ದು ಮಾರಬೇಕೆಂಬುದು ಒಬ್ಬ ವ್ಯಾಪಾರಿಯ ಲೆಕ್ಕಾಚಾರ. ಊರವರು ಕೋವಿ, ಕೋಲು, ಕೈಗೆ ಸಿಕ್ಕಿದ್ದು ಹಿಡಿದು ನಿಂತರು. ರೈಲು ಬಂದ ದಾರಿಗೇ ಹಿಂದೆ ಹೋಯಿತು.

ಆಗ ಆ ಊರಿಗೆ 'ಒರತೆಗಳ ಊರು' ಎಂದೇ ಹೆಸರು. ಅಲ್ಲಿನ ನೀರು ಕುಡಿದರೆ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ದೂರದೂರದವರು ಬರುತ್ತಿದ್ದರು. ಅದೇ ಊರು 2023ರ ಅಕ್ಟೋಬರ್‌ನಿಂದ ಕುಡಿಯುವ ನೀರನ್ನು ಪಕ್ಕದ ಮಿಲ್ವಾಕಿ ನಗರದಿಂದ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದೆ.

ನಮ್ಮಲ್ಲೂ ಹಳ್ಳಿಯ ಹೊಳೆಯಿಂದ, ಕೆರೆಯಿಂದ ಪೇಟೆಗೆ ಪೈಪು ಹೋಗುವುದು ಹೊಸತಲ್ಲ. ಒಂದು ಪುರಸಭೆಯ ನೀರನ್ನು ಪಕ್ಕದ ಪಂಚಾಯತಿಗೆ ಕೊಡುವುದೂ ಇದೆ. ಅಂಥಾ ಮಾತು ಎದ್ದಾಗ ಎಲ್ಲರೂ ಕೇಳುವುದು ಒಂದೇ: ಲೀಟರಿಗೆ ಎಷ್ಟು? ವಾಕೆಶಾದ ಕತೆ ನೋಡಿದರೆ ದರ ಅನ್ನುವುದು ಕರಾರಿನ ಒಂದು ಸಾಲು ಮಾತ್ರ. ಉಳಿದ ಸಾಲುಗಳಲ್ಲೇ ಇರುವುದು ವಿಷಯ.

ಬಾವಿ ಕೈಕೊಟ್ಟದ್ದು ಹೇಗೆ?

ವಾಕೆಶಾ ಸುಮಾರು 70,000 ಜನರ ಊರು. ಒರತೆಗಳ ಕಾಲ ಮುಗಿದ ಮೇಲೆ ಅದು ಆಳದ ಮರಳುಗಲ್ಲಿನ ಪದರಕ್ಕೆ ಕೊಳವೆಬಾವಿ ಇಳಿಸಿತು. ಈ ಪದರದ ಮೇಲೆ ಜೇಡಿಪದರದ ಕಲ್ಲಿನ ಹಾಸು, ಮುಚ್ಚಳ ಹಾಕಿದ ಹಾಗೆ. ಊರಲ್ಲಿ ಎಷ್ಟು ಮಳೆ ಬಿದ್ದರೂ ಆ ಮುಚ್ಚಳ ದಾಟಿ ಕೆಳಗಿಳಿಯುವುದು ಬಲು ಕಮ್ಮಿ. ಮರುಪೂರಣ ಆಗುವುದೇನಿದ್ದರೂ ಪಶ್ಚಿಮಕ್ಕೆ, ಮುಚ್ಚಳ ಇಲ್ಲದ ಕಡೆ. ಎಳೆಯುವವರು ಮಾತ್ರ ಹಲವರು: ಸುತ್ತಲಿನ ಊರುಗಳು, ಕಾರ್ಖಾನೆಗಳು. ನೂರು ವರ್ಷ ಚಿಲ್ಲರೆಯಲ್ಲಿ ನೀರಿನ ಮಟ್ಟ 500 ಅಡಿಗೂ ಹೆಚ್ಚು ಕುಸಿಯಿತು. ಬೋರು ಕೊರೆಸಿದವರಿಗೆ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ನೀರು ಆಳಕ್ಕೆ ಹೋದ ಹಾಗೆ ಇನ್ನೊಂದು ಉಪದ್ರ ಶುರುವಾಯಿತು. ಆ ಕಲ್ಲಿನಲ್ಲಿ ಸಹಜವಾಗಿಯೇ ಇರುವ ರೇಡಿಯಂ ನೀರಿನಲ್ಲಿ ಮಿತಿ ಮೀರಿ ಬರತೊಡಗಿತು. ರೇಡಿಯಂ ಎಲುಬಿನಲ್ಲಿ ಸೇರಿಕೊಳ್ಳುವ ವಸ್ತು, ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರಿನ ಭಯ. ಅಲ್ಲಿನ ಕೇಂದ್ರ ಸರಕಾರದ ಮಿತಿಯೇ ಸರಿಯಿಲ್ಲವೆಂದು ಊರು ಕೋರ್ಟಿಗೆ ಹೋಗಿ ಸೋತಿತು. ಕೊನೆಗೆ ಇಂತಿಷ್ಟು ಸಮಯದೊಳಗೆ ಸರಿಪಡಿಸಿ ಎಂದು ಕೋರ್ಟೇ ಗಡುವು ಹಾಕಿತು.

ಮೇಲ್ಪದರದ ಬಾವಿಗಳಿಂದ ತೆಗೆಯಬಹುದಿತ್ತಲ್ಲಾ? ಅದೂ ಚರ್ಚೆಯಾಯಿತು. ಹಾಗೆ ಮಾಡಿದರೆ ಹತ್ತಿರದ ಜೌಗು ನೆಲ, ತೊರೆಗಳ ಒರತೆ ಬತ್ತುತ್ತದೆ ಎಂದು ಊರಿನ ನೀರು ವಿಭಾಗ ವಾದಿಸಿತು. ರೇಡಿಯಂ ತೆಗೆಯುವ ಘಟಕ ಹಾಕಿ, ಅಗ್ಗವಾಗುತ್ತದೆ ಎಂದು ಪರಿಸರದವರು ಪಟ್ಟು ಹಿಡಿದರು. ಈ ಜಗಳ ವರ್ಷಗಟ್ಟಲೆ ನಡೆಯಿತು. ಊರಿನ ಕಣ್ಣು ಇದ್ದದ್ದು ಮಾತ್ರ ಪೂರ್ವಕ್ಕೆ ಸುಮಾರು 25 ಕಿ.ಮೀ. ದೂರದ ಮಿಶಿಗನ್ ಸರೋವರದ ಮೇಲೆ.

ಅಡ್ಡ ಬಂದ ದಿಣ್ಣೆ

ಸರೋವರಕ್ಕೂ ಊರಿಗೂ ನಡುವೆ ಒಂದು ದಿಣ್ಣೆ. ನೋಡಲು ಬೆಟ್ಟವೇನಲ್ಲ, ಗಾಡಿಯಲ್ಲಿ ಹೋದರೆ ಗೊತ್ತೂ ಆಗಲಿಕ್ಕಿಲ್ಲ. ಅದರ ಪೂರ್ವಕ್ಕೆ ಬಿದ್ದ ಮಳೆ ಸರೋವರ ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಫಾಕ್ಸ್ ನದಿ ಹಿಡಿದು ಮಿಸಿಸಿಪ್ಪಿಗೆ, ಅಲ್ಲಿಂದ ದಕ್ಷಿಣದ ಕಡಲಿಗೆ. ವಾಕೆಶಾ ಇಡೀ ಊರು ಈ ಪಶ್ಚಿಮದ ಮಗ್ಗುಲಲ್ಲಿದೆ.

ಮಹಾಸರೋವರಗಳು ಐದು. ಜಗತ್ತಿನ ಮೇಲ್ಮೈ ಸಿಹಿನೀರಿನ ಸುಮಾರು ಐದನೇ ಒಂದು ಪಾಲು ಅಲ್ಲಿದೆ. ಆದರೆ ಮಳೆ, ಹಿಮದಿಂದ ವರ್ಷವರ್ಷ ಹೊಸದಾಗಿ ತುಂಬಿಕೊಳ್ಳುವುದು ಅದರ ಶೇ. 1ರಷ್ಟು ಮಾತ್ರ. ಉಳಿದದ್ದೆಲ್ಲ ಹಳೇ ಗಂಟು. 1998ರಲ್ಲಿ ಕೆನಡಾದ ಒಂದು ಕಂಪೆನಿ ಈ ನೀರನ್ನು ಹಡಗಿನಲ್ಲಿ ಏಷ್ಯಾಕ್ಕೆ ಒಯ್ದು ಮಾರಲು ಪರವಾನಗಿ ಪಡೆದಾಗ ಸುತ್ತಲಿನವರಿಗೆ ಎಚ್ಚರವಾಯಿತು. ಗಲಾಟೆ ಎದ್ದು ಪರವಾನಗಿ ರದ್ದಾಯಿತು. ಮುಂದೆ ಎಂಟು ರಾಜ್ಯಗಳು ಕೂತು ಒಂದು ಒಪ್ಪಂದ ಮಾಡಿಕೊಂಡವು, 2008ರ ಡಿಸೆಂಬರ್‌ನಲ್ಲಿ ಅದು ಕಾನೂನಾಗಿ ಜಾರಿಗೆ ಬಂತು. ಸರೋವರದ ಜಲಾನಯನದಿಂದ ಹೊರಗೆ ನೀರು ಒಯ್ಯುವ ಹಾಗಿಲ್ಲ ಎಂಬುದು ಅದರ ಮುಖ್ಯ ಮಾತು.

ಒಂದು ಸಣ್ಣ ಕಂಡಿ ಬಿಟ್ಟಿದ್ದರು. ಊರು ದಿಣ್ಣೆಯ ಆಚೆಗಿದ್ದರೂ ಅದರ ಜಿಲ್ಲೆ ಎರಡೂ ಮಗ್ಗುಲಿಗೆ ಚಾಚಿದ್ದರೆ ಅರ್ಜಿ ಹಾಕಬಹುದು. ಎಂಟೂ ರಾಜ್ಯ ಒಪ್ಪಬೇಕು, ಒಂದು ಬೇಡ ಎಂದರೂ ಮುಗಿಯಿತು. ಬಳಸಿದ ನೀರನ್ನು ವಾಪಸು ತರಬೇಕು.

ವಾಕೆಶಾ 2010ರಲ್ಲಿ ಅರ್ಜಿ ಹಾಕಿತು. ಕೇಳಿದ್ದು ದಿನಕ್ಕೆ 3.8 ಕೋಟಿ ಲೀಟರ್. 2016ರ ಜೂನ್‌ನಲ್ಲಿ ಎಂಟೂ ರಾಜ್ಯಗಳು ಒಪ್ಪಿದವು, ಆದರೆ ಕೊಟ್ಟದ್ದು 3.1 ಕೋಟಿ ಲೀಟರ್. ಸುತ್ತಲಿನ ಹಳ್ಳಿ, ಖಾಲಿ ನೆಲಗಳನ್ನೆಲ್ಲಾ ಸೇರಿಸಿ ಊರು ಬರೆದುಕೊಂಡಿದ್ದ ನಕ್ಷೆಯನ್ನೂ ಕತ್ತರಿಸಿದರು. ಇದು ಗಮನಿಸಬೇಕಾದ ಅಂಶ. ನೀರಿನ ಪೈಪು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಸೈಟುಗಳೂ ಹೋಗುತ್ತವೆ. ಇಂದಿನ ಬಾಯಾರಿಕೆಯ ಹೆಸರಿನಲ್ಲಿ ನಾಳಿನ ಬಡಾವಣೆಗೆ ನೀರು ಕೊಡುವುದಿಲ್ಲ ಎಂದು ಅವರು ಹೇಳಿದ ಹಾಗಾಯಿತು. ನಮ್ಮಲ್ಲಿ ಇಂಥಾ ಗೆರೆ ಎಳೆದದ್ದನ್ನು ನಾನಂತೂ ಕಂಡಿಲ್ಲ.

ಮಾರುವವರ ಲೆಕ್ಕ

ಮಿಲ್ವಾಕಿಗೆ ನೀರು ಮಾರುವ ಆಸೆ ಏಕೆ? ಒಂದು ಕಾಲಕ್ಕೆ ಅಲ್ಲಿ ಬಿಯರು, ತೊಗಲು ಹದ ಮಾಡುವ ಕಾರ್ಖಾನೆಗಳು ಬೇಕಾದಷ್ಟಿದ್ದವು. ಅವು ಮುಚ್ಚುತ್ತಾ ಹೋದವು, ಶುದ್ಧೀಕರಣ ಘಟಕ ಮಾತ್ರ ಹಳೇ ಗಾತ್ರದಲ್ಲೇ ಉಳಿಯಿತು. ಅರ್ಧ ಓಡುವ ಯಂತ್ರಕ್ಕೂ ಸಂಬಳ, ರಿಪೇರಿ ಪೂರ್ತಿ ಬೀಳುತ್ತದೆ. ಆದ್ದರಿಂದ ಗಿರಾಕಿ ಬೇಕು.

ಮೊದಲ ಮಾತುಕತೆ ಮುರಿದದ್ದು ದರಕ್ಕಲ್ಲ. ವಾಕೆಶಾ ಊರಿಗಷ್ಟೇ ನೀರು, ಸುತ್ತ ಬೆಳೆಯುವ ಜಾಗಕ್ಕಿಲ್ಲ ಎಂದು ಮಿಲ್ವಾಕಿಯ ನಗರಸಭೆ ಹಟ ಹಿಡಿಯಿತು. ಹಳೇ ನಗರದ ತೆರಿಗೆ ಕಟ್ಟುವವರು, ಉದ್ಯೋಗ ಎಲ್ಲಾ ಹೊರವಲಯಕ್ಕೆ ಹೋಗಿ ಒಳಗೆ ಬಡವರು ಮಾತ್ರ ಉಳಿದ ಊರು ಅದು. ನಮ್ಮ ನೀರನ್ನೇ ಕೊಟ್ಟು ನಮ್ಮನ್ನು ಬರಿದು ಮಾಡಿಕೊಳ್ಳುವುದೇ ಎಂಬ ಪ್ರಶ್ನೆ ಅವರದು. ವಾಕೆಶಾ 2012ರಲ್ಲಿ ಓಕ್ ಕ್ರೀಕ್ ಎಂಬ ಬೇರೆ ಊರನ್ನು ಹಿಡಿಯಿತು. ಎಂಟು ರಾಜ್ಯಗಳು ನಕ್ಷೆ ಕತ್ತರಿಸಿದ ಮೇಲೆ ಜಗಳದ ಮೂಲವೇ ಇಲ್ಲವಾಯಿತು. 2017ರಲ್ಲಿ ಮಿಲ್ವಾಕಿ ಮತ್ತೆ ಮುಂದೆ ಬಂತು. ಪೈಪಿನ ದಾರಿ ಹತ್ತಿರವಾಗಿ ಖರ್ಚು ಉಳಿಯುತ್ತದೆ ಎಂದು ವಾಕೆಶಾ ಒಪ್ಪಿತು. ಕರಾರು 40 ವರ್ಷಕ್ಕೆ.

ದರ ಗೊತ್ತು ಮಾಡುವುದು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ವಿದ್ಯುತ್ ದರಕ್ಕೆ ನಮ್ಮಲ್ಲಿ ಆಯೋಗ ಇರುವ ಹಾಗೆ ವಿಸ್ಕಾನ್ಸಿನ್‌ನಲ್ಲಿ ಊರುಗಳ ನೀರಿಗೂ ರಾಜ್ಯದ ಆಯೋಗ ಇದೆ. ಸಗಟು ದರದ ಲೆಕ್ಕ ಹೀಗೆ: ನೀರು ಎತ್ತಿ, ಶುದ್ಧ ಮಾಡಿ, ತಳ್ಳಲು ಬೀಳುವ ನಿಜ ಖರ್ಚಿನಲ್ಲಿ ಕೊಳ್ಳುವ ಊರಿನ ಪಾಲೆಷ್ಟು? ಅದರಲ್ಲೂ ಒಂದು ಸೂಕ್ಷ್ಮ ಇದೆ. ವರ್ಷದಲ್ಲಿ ಒಟ್ಟು ಎಷ್ಟು ಎಳೆದಿರಿ ಎಂಬುದು ಒಂದು, ಅತಿ ಹೆಚ್ಚು ಬೇಕಾದ ದಿನ ಎಷ್ಟು ಎಳೆದಿರಿ ಎಂಬುದು ಇನ್ನೊಂದು. ದಿನವಿಡೀ ಸಣ್ಣಗೆ ಹರಿಸಿ ಟ್ಯಾಂಕಿ ತುಂಬಿಸಿಕೊಳ್ಳುವವನಿಗೆ ಸಣ್ಣ ಪಂಪು ಸಾಕು. ಎರಡೇ ಗಂಟೆಯಲ್ಲಿ ಇಡೀ ತೋಟ ನೆನೆಯಬೇಕೆಂದರೆ ದೊಡ್ಡ ಪಂಪೇ ಬೇಕು, ಉಳಿದ ಹೊತ್ತು ಅದು ಸುಮ್ಮನೆ ಕೂತಿರುತ್ತದೆ. ಆ ದೊಡ್ಡ ಪಂಪಿನ ಖರ್ಚು ಯಾರ ಮೇಲೆ? ಹಾಗಾಗಿ ಸ್ವಂತ ಟ್ಯಾಂಕಿ ಕಟ್ಟಿಕೊಂಡು ಒಂದೇ ಸಮನೆ ಎಳೆಯುವ ಊರಿಗೆ ದರ ಇಳಿಯುತ್ತದೆ.

ಮಾರುವವರ ಪೂರ್ವ ಇತಿಹಾಸವೂ ಒಂದಿದೆ. 1993ರಲ್ಲಿ ಮಿಲ್ವಾಕಿಯ ನಲ್ಲಿ ನೀರಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಸೇರಿ ಅಂದಾಜು 4 ಲಕ್ಷ ಜನ ಹೊಟ್ಟೆಯ ಕಾಯಿಲೆಗೆ ಬಿದ್ದಿದ್ದರು. ಕ್ಲೋರಿನ್ನಿಗೆ ಜಗ್ಗದ ಜೀವಿ ಅದು. ಆಮೇಲೆ ನಗರ ಓಜೋನ್ ವ್ಯವಸ್ಥೆ ಹಾಕಿ, ಸೋಸುವ ಕ್ರಮ ಬಿಗಿ ಮಾಡಿತು. ಪೆಟ್ಟು ತಿಂದು ಕಲಿತವರು ಅನ್ನಬಹುದು.

ಹೋದ ನೀರು ಬರುವ ದಾರಿ

ನನಗೆ ಇಡೀ ವ್ಯವಹಾರದಲ್ಲಿ ಹಿಡಿಸಿದ್ದು ಈ ಭಾಗ. ಪಡೆದಷ್ಟು ನೀರನ್ನು ಹೆಚ್ಚುಕಮ್ಮಿ ಪೂರ್ತಿ ಸರೋವರಕ್ಕೆ ಮರಳಿಸಬೇಕು. ಕುಡಿದದ್ದು, ಬಟ್ಟೆ ಒಣಗಿದ್ದು, ಹೂಗಿಡಕ್ಕೆ ಹಾಕಿದ್ದು ಹೇಗೆ ಬರುತ್ತದೆ ಎನ್ನುತ್ತೀರಾ? ಒಳಚರಂಡಿ ಪೈಪಿನ ಸಂದುಗಳಲ್ಲಿ ಮಳೆನೀರು, ನೆಲದ ನೀರು ಸೋರಿ ಸೇರುತ್ತದಲ್ಲ, ಆ ಕೊರತೆ ಅದರಿಂದ ತುಂಬುತ್ತದೆ.

ಹಾಗಾಗಿ ಎರಡು ಪೈಪು. ಒಂದರಲ್ಲಿ ಕುಡಿಯುವ ನೀರು ಪಶ್ಚಿಮಕ್ಕೆ. ಇನ್ನೊಂದರಲ್ಲಿ ಶುದ್ಧೀಕರಿಸಿದ ಚರಂಡಿ ನೀರು ದಿಣ್ಣೆ ಹತ್ತಿ ಪೂರ್ವಕ್ಕೆ, ರೂಟ್ ಎಂಬ ಸಣ್ಣ ನದಿಗೆ. ಅದು ರಸೀನ್ ಎಂಬ ಪೇಟೆಯ ಮೂಲಕ ಸರೋವರ ಸೇರುತ್ತದೆ. ರಸೀನ್‌ನವರು ಮೊದಲೇ ತಕರಾರು ತೆಗೆದಿದ್ದರು: ಬೇರೆ ಊರಿನ ಕಕ್ಕಸು ನೀರು ನಮ್ಮ ನದಿಗೇಕೆ? ಬೇಸಿಗೆಯಲ್ಲಿ ಸೊರಗುವ ನದಿಗೆ ನೀರು ಸೇರಿದರೆ ಮೀನಿಗೆ ಒಳ್ಳೆಯದು ಎಂಬುದು ಇನ್ನೊಂದು ಪಕ್ಷ. ಪಾಚಿ ಬೆಳೆಸುವ ರಂಜಕ ಇಷ್ಟೇ ಇರಬೇಕು ಎಂಬ ಕಟ್ಟುನಿಟ್ಟು ಹಾಕಿ ದಾರಿ ಮಾಡಿದರು. ಎಲ್ಲಾ ಸೇರಿ ಸುಮಾರು 28 ಕೋಟಿ ಡಾಲರ್ ಮೀರಿದ ಖರ್ಚು. ಸಾಲದ ಕಂತು ಬರುವುದು ಊರವರ ನೀರಿನ ಬಿಲ್ಲಿನಲ್ಲೇ.

ಬಿಟ್ಟು ಹೋಗುವಾಗ

ಕರಾರು ಕೂಡುವುದಕ್ಕಿಂತ ಬಿಡುವುದು ಕಷ್ಟ. ಪಕ್ಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರ 1967ರಿಂದ ಡೆಟ್ರಾಯಿಟ್‌ನ ನೀರು ಕೊಳ್ಳುತ್ತಿತ್ತು. ದರ ಜಾಸ್ತಿಯೆಂದು 2013ರಲ್ಲಿ ಬೇರೆ ಹೊಸ ಯೋಜನೆಗೆ ಸೇರಲು ತೀರ್ಮಾನವಾಯಿತು. ಆಗ ಫ್ಲಿಂಟಿನ ಆಡಳಿತ ಚುನಾಯಿತರ ಕೈಯಲ್ಲಿರಲಿಲ್ಲ, ರಾಜ್ಯ ಸರಕಾರ ನೇಮಿಸಿದ ಅಧಿಕಾರಿಯ ಕೈಯಲ್ಲಿತ್ತು. ಡೆಟ್ರಾಯಿಟ್ ಒಂದು ವರ್ಷದ ನೋಟೀಸು ಕೊಟ್ಟಿತು. ಹೊಸ ಪೈಪು ಮಾತ್ರ ಮುಗಿದಿರಲಿಲ್ಲ. ನಡುವಿನ ಅವಧಿಗೆಂದು 2014ರ ಏಪ್ರಿಲ್‌ನಲ್ಲಿ ಊರಿನ ಹೊಳೆ ನೀರನ್ನೇ ನಲ್ಲಿಗೆ ಬಿಟ್ಟರು. ಪೈಪು ತಿನ್ನದಂತೆ ಹಾಕುವ ಔಷಧಿ ಹಾಕಲಿಲ್ಲ. ಹಳೇ ಸೀಸದ ಪೈಪುಗಳಿಂದ ಸೀಸ ಕರಗಿ ಮಕ್ಕಳ ರಕ್ತಕ್ಕೆ ಸೇರಿತು. ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ಮೋಟಾರು ಕಾರ್ಖಾನೆ ಯಂತ್ರದ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂದು ಆ ನೀರನ್ನು ಬಿಟ್ಟಿತು. ಜನ ಮಾತ್ರ ಮತ್ತೊಂದು ವರ್ಷ ಅದನ್ನೇ ಕುಡಿದರು. 2015ರ ಅಕ್ಟೋಬರ್‌ನಲ್ಲಿ ತಿರುಗಿ ಡೆಟ್ರಾಯಿಟ್ ನೀರು.

ನಮ್ಮದೂ ಒಂದು ದಿಣ್ಣೆ

ಇದೆಲ್ಲ ದೂರದ ದೇಶದ ಪುರಾಣ ಅನ್ನಬೇಡಿ. ಬೆಂಗಳೂರು ಕೂತಿರುವುದೂ ಇಂಥದ್ದೇ ದಿಣ್ಣೆಯ ಮೇಲೆ. ಪಶ್ಚಿಮದ ಮಗ್ಗುಲ ನೀರು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ಪೂರ್ವದ್ದು ದಕ್ಷಿಣ ಪಿನಾಕಿನಿಗೆ. ಸುಮಾರು 100 ಕಿ.ಮೀ. ದೂರದಿಂದ ಎತ್ತಿ ತರುವ ಕಾವೇರಿ ನೀರು ಎರಡೂ ಮಗ್ಗುಲಿನ ಮನೆಗಳಿಗೆ ಹೋಗುತ್ತದೆ. ಹಾಗಾಗಿ ಪೂರ್ವದ ಮನೆಗಳಲ್ಲಿ ಬಳಸಿದ ಕಾವೇರಿ ತನ್ನ ಹೊಳೆಗೆ ಮರಳುವುದಿಲ್ಲ.

ಕಾವೇರಿ ನ್ಯಾಯಮಂಡಳಿ ನಗರದ ಮೂರನೇ ಒಂದು ಪಾಲು ಮಾತ್ರ ಕಾವೇರಿ ಜಲಾನಯನದಲ್ಲಿದೆ ಎಂದು ಕುಡಿಯುವ ನೀರನ್ನೂ ಅಷ್ಟಕ್ಕೇ ಲೆಕ್ಕ ಹಾಕಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಅದನ್ನು ಒಪ್ಪದೆ ಬೆಂಗಳೂರಿಗೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. ಕುಡಿಯುವ ನೀರಿಗೆ ದಿಣ್ಣೆ ಅಡ್ಡಿಯಾಗಬಾರದು ಎಂಬುದು ಸರಿಯೇ. ಆದರೆ ದಿಣ್ಣೆ ದಾಟಿದ ನೀರನ್ನು ಮರಳಿಸುವ ಕರಾರು ಇಲ್ಲಿಲ್ಲ.

ಅದು ಹೋಗುತ್ತಿರುವುದು ಎಲ್ಲಿಗೆ? ಒಂದು ಭಾಗ 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ. ಬತ್ತಿದ ಕೆರೆಗಳು ತುಂಬಿದವು, ಬೋರುಗಳಲ್ಲಿ ನೀರು ಮೇಲೆ ಬಂತು ಎಂದು ಸಂತೋಷಪಟ್ಟ ರೈತರು ಇದ್ದಾರೆ. ಎರಡೇ ಹಂತ ಶುದ್ಧ ಮಾಡಿ ಬಿಡುತ್ತಿದ್ದೀರಿ, ಮೂರನೇ ಹಂತವೂ ಮಾಡಿ, ನಾವು ಇದೇ ಅಂತರ್ಜಲ ಕುಡಿಯುವವರು ಎಂದು ಪಟ್ಟು ಹಿಡಿದವರೂ ಅಲ್ಲಿಯ ರೈತರೇ.

ನಿಮ್ಮ ಊರಿನ ಹೊಳೆಗೋ ಕೆರೆಗೋ ಪೈಪು ಬರುವ ಸುದ್ದಿ ಇದ್ದರೆ ಗ್ರಾಮಸಭೆಯಲ್ಲಿ ಕರಾರಿನ ಪ್ರತಿ ಕೇಳಿ. ದಿನಕ್ಕೆ ಎಷ್ಟು ಎಂದು ಬರೆದಿದೆಯೇ, ಮೀಟರು ಯಾವ ತುದಿಯಲ್ಲಿ, ಯಾವ ಯಾವ ಊರಿಗೆ, ಎಷ್ಟು ವರ್ಷಕ್ಕೆ? ಏಪ್ರಿಲ್-ಮೇಯಲ್ಲಿ ಹರಿವು ನಿಂತಾಗ ಪೇಟೆಯ ಪಂಪು ಮತ್ತು ದಡದ ತೋಟಗಳ ಪಂಪು ಇವೆರಡರಲ್ಲಿ ಯಾವುದನ್ನು ಎಷ್ಟು ಹೊತ್ತು ನಿಲ್ಲಿಸುವುದು? ಈ ಕೊನೆಯದನ್ನು ಮಳೆಗಾಲದಲ್ಲೇ ಬರೆಸಿಕೊಳ್ಳಬೇಕು. ಮೇ ತಿಂಗಳಲ್ಲಿ ಕೇಳಿದರೆ ಕುಡಿಯುವ ನೀರಿಗೆ ಅಡ್ಡಿ ಮಾಡುವವರು ಎಂಬ ಹೆಸರು ಬರುತ್ತದೆ, ಕರೆಂಟು ಮೊದಲು ಕಡಿಯುವುದು ತೋಟದ ಪಂಪಿನದ್ದೇ.